ಮೂರು ನೀರಿನಲ್ಲಿ ತೊಳೆದ ತೊಗರಿ

"ತಾಯಿ, ಒಳ್ಳೆಯ ಕೆಲಸಕ್ಕೆ ಹೊರಟವನು ಹೆದರಬೇಕೆ?" ಎಂದು ಶಿಷ್ಯ ಕೇಳಿದ.

ಶಿಷ್ಯ ಸರ್ಕಾರದ ಬೀಜದ ಉಗ್ರಾಣಕ್ಕೆ ಅಧಿಕಾರಿ. ಸಮುದ್ರದಾಚೆಯ ದೇಶವೊಂದರಲ್ಲಿ ಎರಡು ವರ್ಷದಿಂದ ಬೆಳೆ ಇರಲಿಲ್ಲ. ಅಲ್ಲಿಯ ಜನ ತಾವೇ ಬೆಳೆದು ಉಣ್ಣಲಿ ಎಂದು ಸರ್ಕಾರ ತೊಗರಿ ಬೀಜ ಕಳುಹಿಸುತ್ತಿತ್ತು. ಹಡಗು ಮರುದಿನ ಹೊರಡುವುದಿತ್ತು. ಆ ಬೆಳಿಗ್ಗೆ ಒಬ್ಬ ರೈತ ಹೆಂಗಸು ಉಗ್ರಾಣದ ಬಾಗಿಲಿಗೆ ಅಡ್ಡ ನಿಂತು, ಮೂಟೆ ಏರಿಸಬೇಡಿ ಎಂದು ಕೂಗಿದ್ದಳು. ಅವಳನ್ನು ಹೊರಗೆ ಹಾಕಿಸಿದೆ ಎಂದು ಅವನೇ ಹೇಳಿದ.

ಗುರುಮಾತೆ ಅವನ ಕೈ ನೋಡಿದರು. "ಬೆರಳಿಗೆ ಏನದು ಕೆಂಪು?"

"ಬೀಜಕ್ಕೆ ಹಚ್ಚಿದ ಔಷಧಿ, ತಾಯಿ. ಹುಳು ಮುಟ್ಟುವುದಿಲ್ಲ. ವಿಷವೆಂದು ತಿಳಿಯಲಿ ಎಂದೇ ಕೆಂಪು ಬಣ್ಣ ಸೇರಿಸಿದ್ದೇವೆ."

"ಕುಳಿತುಕೋ. ನೆಟ್ಟಗೆ ಕುಳಿತುಕೋ" ಎಂದು ಹೇಳಿ ಅವರು ಕತೆ ಆರಂಭಿಸಿದರು.

"ನನ್ನ ತವರು ಬೀಜದ ಮನೆ. ಏಳು ತಲೆಮಾರಿನಿಂದ ಊರಿನ ಬೀಜ ನಮ್ಮ ಅಟ್ಟದಲ್ಲಿತ್ತು. ನಮ್ಮಲ್ಲಿಂದ ಹೋದ ಬೀಜ ಮೊಳೆಯಲಿಲ್ಲ ಎಂದು ಯಾರೂ ಹೇಳಿದ್ದಿಲ್ಲ. ನಮ್ಮ ಹೆಂಗಸರು ಸುಳ್ಳು ಹೇಳಿದವರಲ್ಲ. ಸುಮ್ಮಸುಮ್ಮನೆ ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೂಗಿದವರೂ ಅಲ್ಲ. ತೊಗರಿಗೆ ಹುಳು ಹತ್ತದಂತೆ ನಾವು ಕೆಮ್ಮಣ್ಣು ಹಚ್ಚಿ ಒಣಗಿಸುತ್ತಿದ್ದೆವು. ಬಿತ್ತನೆ ತಪ್ಪಿದ ವರ್ಷ ಅದೇ ಬೀಜವನ್ನು ಮೂರು ನೀರಿನಲ್ಲಿ ತೊಳೆದು ಬೇಯಿಸುತ್ತಿದ್ದೆವು. ಹೊಳೆಯಾಚೆಯ ನಾಡಿನವರೂ ಹಾಗೆಯೇ ಮಾಡುತ್ತಿದ್ದರು.

"ನನ್ನ ಅಜ್ಜಿಯ ಕಾಲದಲ್ಲಿ ಹೊಳೆಯಾಚೆ ಹಸಿವು ಬಂತು. ಅಂದಿನ ಸರ್ಕಾರ ಒಳ್ಳೆಯದು. ಬರಿಯ ಊಟ ಕೊಟ್ಟರೆ ಸಾಲದು, ಅಲ್ಲಿಯ ಬೇಸಾಯವನ್ನೇ ಎತ್ತಿ ನಿಲ್ಲಿಸಬೇಕು ಎಂದುಕೊಂಡಿತು. ಆ ಕೆಲಸಕ್ಕೆ ಒಬ್ಬ ಅಧಿಕಾರಿಯನ್ನು ನೇಮಿಸಿತು. ಅವನು ಶ್ರದ್ಧಾವಂತ. ಬೀಜಕ್ಕೆ ಔಷಧಿ ಹಚ್ಚಿಸಿದ. ಕೆಂಪು ಬಣ್ಣ ಸೇರಿಸಿದ. ತಿನ್ನಬಾರದು ಎಂದು ಮೂಟೆಯ ಮೇಲೆ ಬರೆಸಿದ. ಬರೆಸಿದ್ದು ನಮ್ಮ ಅಕ್ಷರದಲ್ಲಿ.

"ಹೊಳೆಯ ದಡದಲ್ಲಿ ಅಜ್ಜಿ ಒಂದು ಮೂಟೆ ಬಿಚ್ಚಿ ನೋಡಿದವಳೇ ಕೈ ಹಿಂದೆಗೆದಳು. 'ಸ್ವಾಮಿ, ಅಲ್ಲಿ ಬಿತ್ತನೆಗೆ ಇನ್ನೆಷ್ಟು ದಿನ?'

"'ನಲವತ್ತು.'

"'ಅಲ್ಲಿಯವರೆಗೆ ಅವರು ಏನು ಉಣ್ಣುತ್ತಾರೆ?'

"'ಊಟದ ಧಾನ್ಯ ಹಿಂದಿನಿಂದ ಬರುತ್ತದೆ. ಅದು ಬೇರೆ ಇಲಾಖೆ.'

"'ಅದನ್ನು ಮೊದಲು ಕಳಿಸಿ. ಇದನ್ನು ತಡೆದಿಡಿ. ಕೆಂಪು ಕಂಡರೆ ನಾವು ಹೆದರುವುದಿಲ್ಲ ಸ್ವಾಮಿ, ತೊಳೆಯುತ್ತೇವೆ.'

"ಅಧಿಕಾರಿ ನಕ್ಕ. 'ಸರ್ಕಾರಕ್ಕೆ ಪಾಠ ಹೇಳಲು ಅಟ್ಟದ ಅಜ್ಜಿ ಇಳಿದು ಬಂದಿದ್ದಾಳೆ. ಯಾರಾದರೂ ಒಂದು ಮಣೆ ಹಾಕಿ!' ಎಂದ. ಸುತ್ತ ನಿಂತವರೂ ನಕ್ಕರು.

"ಬೀಜ ಹೊಳೆ ದಾಟಿತು. ಆಚೆ ಒಬ್ಬ ತಾಯಿ ತನ್ನ ಪಾಲನ್ನು ಮೊರದಲ್ಲಿ ಮನೆಗೆ ತಂದಳು. ಮಕ್ಕಳು ಉಂಡು ಎರಡು ದಿನವಾಗಿತ್ತು. ಆದರೂ ಅವಳು ಅವಸರ ಮಾಡಲಿಲ್ಲ. ಮೊದಲ ನೀರು ಕೆಂಪಾಯಿತು. ಚೆಲ್ಲಿದಳು. ಎರಡನೆಯದು ತೆಳುಗೆಂಪು. ಚೆಲ್ಲಿದಳು. ಮೂರನೆಯ ನೀರು ತಿಳಿಯಾಗಿತ್ತು. ಬಣ್ಣ ಹೋಗಿತ್ತು, ವಿಷ ಹೋಗಿರಲಿಲ್ಲ. ಅದು ಕಾಳಿನೊಳಗೆ ಇಳಿದಿತ್ತು. ಅವಳು ಒಲೆ ಹಚ್ಚಿದಳು. ಮಕ್ಕಳಿಗೆ ಮೊದಲು ಬಡಿಸಿದಳು."

ಶಿಷ್ಯ ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ.

"ನಲವತ್ತೊಂದನೆಯ ದಿನ ಅಧಿಕಾರಿಗೆ ಪತ್ರ ಬಂತು. 'ಮೂಟೆಗಳೆಲ್ಲ ಖಾಲಿಯಾಗಿವೆ' ಎಂಬುದು ಮೊದಲ ಸಾಲು. ಅವನು ಅಷ್ಟನ್ನೇ ಗಟ್ಟಿಯಾಗಿ ಓದಿ, ಬಿತ್ತನೆ ಮುಗಿಯಿತೆಂದು ಎಲ್ಲರಿಗೂ ಬೆಲ್ಲ ಹಂಚಿಸಿದ. ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡು ಎರಡನೆಯ ಸಾಲಿಗೆ ಬಂದ. 'ಹೊಲಗಳೂ ಖಾಲಿ ಇವೆ. ಮನೆಗಳೂ ಖಾಲಿ ಇವೆ' ಎಂದಿತ್ತು."

ಶಿಷ್ಯ ತಲೆ ಎತ್ತಿದ. "ಅದು ಹೊಳೆಯಾಚೆಯ ನಾಡು, ತಾಯಿ. ಇದು ಸಮುದ್ರದಾಚೆ. ಇವರ ಪದ್ಧತಿ ಬೇರೆ ಇರಬಹುದು."

"ಇರಬಹುದು. ಕೇಳಿದೆಯಾ?"

"ಇಲ್ಲ."

"ಊಟದ ಧಾನ್ಯದ ಹಡಗು ಯಾವಾಗ ಹೊರಡುತ್ತದೆ?"

"ಮುಂದಿನ ತಿಂಗಳು."

ಗುರುಮಾತೆ ಎದ್ದು ನಿಂತರು. "ಬೆಳಿಗ್ಗೆ ನೀನು ಹೊರಗೆ ಹಾಕಿಸಿದವಳು ನನ್ನ ತಂಗಿ; ಹಡಗಿನ ಹಗ್ಗ ಬಿಚ್ಚುವ ಮೊದಲು ಹೋಗಿ ಅವಳ ಕ್ಷಮೆ ಕೇಳು."