ಲಕ್ಕಜ್ಜಿಯ ಬಟ್ಟಲು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಪದ್ಮಯ್ಯ ಪಂಡಿತರೆಂಬ ವೈದ್ಯರಿದ್ದರು. ಅವರ ಶಿಷ್ಯ ಜಿನ್ನಪ್ಪ ಆರು ವರ್ಷಗಳಿಂದ ಬೇರು ಕುಟ್ಟುತ್ತ, ಕಷಾಯ ಕಾಯಿಸುತ್ತ ವಿದ್ಯೆ ಕಲಿಯುತ್ತಿದ್ದ.

ವರ್ಷಕ್ಕೊಮ್ಮೆ ಸುತ್ತಲ ಸೀಮೆಯ ಹಿರಿಯ ವೈದ್ಯರೆಲ್ಲ ಆಶ್ರಮದ ಹುಣಸೆಮರದಡಿ ಸೇರುವರು. ಯಾರಾದರೊಬ್ಬರು ಎದ್ದು ತಾವು ಕಂಡ ಒಬ್ಬ ರೋಗಿಯ ಸಂಗತಿ ಹೇಳಬೇಕು. ಆ ವರ್ಷ ಪಂಡಿತರು ಜಿನ್ನಪ್ಪನ ಹೆಸರು ಹೇಳಿಬಿಟ್ಟರು.

ಅಂದಿನಿಂದ ಅವನ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

"ಗುರುಗಳೇ, ನನ್ನಿಂದಾಗದು. ವೀರಭದ್ರ ಪಂಡಿತರು ಬರುತ್ತಾರೆ. ನಾನು ಹುಟ್ಟುವ ಮೊದಲೇ ಊರೂರ ನಾಡಿ ಹಿಡಿದವರು. ಅವರೆದುರು ನಾನು ಬಾಯಿ ತೆರೆಯುವುದೇ?"

"ಯಾರ ಸಂಗತಿ ಹೇಳುತ್ತೀ?"

"ಬುಟ್ಟಿ ಹೆಣೆಯುವ ಲಕ್ಕಜ್ಜಿಯದು."

"ಹೇಳು, ಕೇಳೋಣ."

ಜಿನ್ನಪ್ಪ ಕಣ್ಣು ಮುಚ್ಚಿ ಶುರುಮಾಡಿದ. ಒಂದರ ಹಿಂದೊಂದು ಹತ್ತು ಶ್ಲೋಕ ಬಂದವು. ಕೆಮ್ಮಿನ ಬಗೆಗಳೆಲ್ಲ ಬಂದವು. ಒಂದಕ್ಷರವೂ ತಪ್ಪಲಿಲ್ಲ.

ಪಂಡಿತರು ಬೇರು ಹೆಚ್ಚುತ್ತಲೇ ಕೇಳಿದರು. "ಅಜ್ಜಿ ತಲೆಸುತ್ತಿ ಬಿದ್ದದ್ದು ಎಲ್ಲಿ ಹೋಯಿತಯ್ಯಾ?"

ಜಿನ್ನಪ್ಪನ ಮುಖ ಸಪ್ಪಗಾಯಿತು.

ಲಕ್ಕಜ್ಜಿಯದು ಕೆಮ್ಮು. ಕೆಮ್ಮಿನ ಕಷಾಯವನ್ನು ಬರಿಹೊಟ್ಟೆಯಲ್ಲೇ ಕೊಡುವುದು ಆ ಸೀಮೆಯ ಹಿರಿಯರ ಪದ್ಧತಿ. ಅವನೂ ಎರಡು ದಿನ ಹಾಗೇ ಕೊಟ್ಟಿದ್ದ. ಎರಡು ದಿನವೂ ಅಜ್ಜಿ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಮೂರನೆಯ ದಿನ ಮೊದಲು ಗಂಜಿ ಕುಡಿಸಿ, ಆಮೇಲೆ ಕೊಟ್ಟ. ಬೀಳಲಿಲ್ಲ. ಕೆಮ್ಮೂ ಹೋಯಿತು. ಅನಂತರ ನಾಲ್ಕು ಜನ ಮುದುಕರಿಗೆ ಹಾಗೇ ಕೊಟ್ಟು ನೋಡಿದ್ದ. ಯಾರೂ ಬೀಳಲಿಲ್ಲ.

"ಅದನ್ನು ಹೇಗೆ ಹೇಳಲಿ ಗುರುಗಳೇ? ಹಿರಿಯರು ಇಷ್ಟು ವರ್ಷ ಕೊಟ್ಟದ್ದು ತಪ್ಪು ಅಂದ ಹಾಗಾಗುತ್ತದೆ. ಅಜ್ಜಿಯನ್ನು ಬೀಳಿಸಿದವನು ನಾನೇ ಅಂತಲೂ ಆಗುತ್ತದೆ. ನಗುತ್ತಾರೆ."

"ಹೇಳದಿದ್ದರೆ?"

ಹೇಳದಿದ್ದರೆ ಈ ಚಳಿಗಾಲದಲ್ಲೂ ಊರೂರಿನ ಮುದುಕರು ಬರಿಹೊಟ್ಟೆಯಲ್ಲಿ ಅದನ್ನು ಕುಡಿಯುತ್ತಾರೆ, ಬೀಳುತ್ತಾರೆ. ಅದು ಜಿನ್ನಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೆದರಿಕೆ ಇನ್ನಷ್ಟು ಹೆಚ್ಚಾಗಿತ್ತು.

"ಈ ನಡುಕಕ್ಕೆ ಏನಾದರೂ ಮದ್ದು ಕೊಡಿ," ಅಂದ ಕೊನೆಗೆ.

"ಕೊಡೋಣ. ಸಭೆಯ ದಿನ."

ಆ ದಿನ ಬಂದೇಬಂತು. ಇಪ್ಪತ್ತು ಜನ ಹಿರಿಯರು ಚಾಪೆಗಳ ಮೇಲೆ ಕೂತಿದ್ದರು. ವೀರಭದ್ರ ಪಂಡಿತರು ಎಲ್ಲರಿಗಿಂತ ಮುಂದೆ, ನೆಟ್ಟಗೆ. ಜಿನ್ನಪ್ಪ ಎದ್ದು ನಿಂತ. ಮೊದಲ ಶ್ಲೋಕ ನೆನಪಾಗಲಿಲ್ಲ, ಎರಡನೆಯದೂ ಆಗಲಿಲ್ಲ. ಗುರುಗಳನ್ನು ಹುಡುಕಿದ. ಅವರ ಚಾಪೆ ಖಾಲಿಯಿತ್ತು.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಅವರು ಬಂದರು. ಜೊತೆಯಲ್ಲಿ ಅವರ ಕೈ ಹಿಡಿದುಕೊಂಡು ಲಕ್ಕಜ್ಜಿ. ಆಕೆಯನ್ನು ಕರೆತಂದು ವೀರಭದ್ರ ಪಂಡಿತರ ಮಗ್ಗುಲಲ್ಲೇ ಕೂರಿಸಿದರು.

ಅಜ್ಜಿ ಸೆರಗು ಸರಿಮಾಡಿಕೊಂಡು ತಲೆಯೆತ್ತಿ ನೋಡಿದಳು. "ಯಾಕಪ್ಪಾ ಜಿನ್ನಪ್ಪ, ಮುಖ ಹಿಂಗೆ ಬಾಡೈತೆ? ಉಂಡ್ಯಾ?"

"ಇಲ್ಲಜ್ಜಿ," ಅಂದ. ಸಭೆಯಲ್ಲಿ ಅವನ ಬಾಯಿಂದ ಹೊರಟ ಮೊದಲ ಮಾತು ಅದು.

"ನಂಗೆ ಗಂಜಿ ಕುಡೀದೆ ಮದ್ದು ಮುಟ್ಟಬೇಡ ಅಂತೀಯ. ನೀನು ನೋಡಿದ್ರೆ ಬರಿಹೊಟ್ಟೇಲಿ ನಿಂತಿದೀಯ!"

ವೀರಭದ್ರ ಪಂಡಿತರು ಹುಬ್ಬೇರಿಸಿದರು. "ಗಂಜಿ ಕುಡಿದ ಮೇಲೆಯೇ? ಯಾವ ಮದ್ದು?"

ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಜಿನ್ನಪ್ಪ ಅಜ್ಜಿಯನ್ನೇ ನೋಡುತ್ತ ಹೇಳತೊಡಗಿದ. ಶ್ಲೋಕ ಒಂದೂ ಬರಲಿಲ್ಲ. ಬಿದ್ದದ್ದು ಬಂತು, ಗಂಜಿ ಬಂತು, ನಾಲ್ಕು ಮುದುಕರ ಸಂಗತಿಯೂ ಬಂತು. "ಎರಡು ಸಲವೂ ಬೀಳಿಸಿದವನು ನಾನೇ," ಅನ್ನುವಾಗ ದನಿ ಒಡೆಯಿತು. ಕಾಲು ಗಡಗಡ ನಡುಗುತ್ತಿತ್ತು.

ಯಾರೂ ನಗಲಿಲ್ಲ.

ವೀರಭದ್ರ ಪಂಡಿತರು ಮುಂದಕ್ಕೆ ಬಾಗಿ ಕೇಳಿದರು. "ಗಂಜಿಯಾದ ಎಷ್ಟು ಹೊತ್ತಿಗೆ ಕೊಟ್ಟೆ?"

"ಒಂದು ಬುಟ್ಟಿಯ ತಳ ಹೆಣೆಯುವಷ್ಟು ಹೊತ್ತು ಬಿಟ್ಟು."

ವೀರಭದ್ರ ಪಂಡಿತರು ತಲೆ ತಗ್ಗಿಸಿದರು. "ನನ್ನ ಕೈಯ ಮದ್ದು ಕುಡಿದವರೂ ಬಿದ್ದಿದ್ದಾರೆ. ವಯಸ್ಸಾಯಿತಲ್ಲ, ಅದಕ್ಕೆ ಅಂದುಕೊಂಡಿದ್ದೆ."

ಸಂಜೆ ಎಲ್ಲರೂ ಹೋದ ಮೇಲೆ ಜಿನ್ನಪ್ಪ ಹೊಳೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಪಂಡಿತರು ಮೆಟ್ಟಿಲ ಮೇಲೆ ಕೂತಿದ್ದರು.

"ಮದ್ದು ಕೊಡುತ್ತೇನೆ ಅಂದಿರಿ, ಕೊಡಲೇ ಇಲ್ಲ," ಅಂದ ಅವನು. "ಕೊನೆಯವರೆಗೂ ನಡುಗುತ್ತಲೇ ಇದ್ದೆ ಗುರುಗಳೇ."

ಪಂಡಿತರು ಅವನ ಕೈಯಲ್ಲಿದ್ದ ಕಷಾಯದ ಬಟ್ಟಲನ್ನು ನೋಡಿದರು.

"ಎರಡು ಸಲ ಬಿದ್ದವಳು ಮೂರನೆಯ ದಿನ ನಿನ್ನಿಂದ ಈ ಬಟ್ಟಲು ಈಸಿಕೊಂಡಳಲ್ಲ, ಆಗ ಅವಳ ಕೈಯೂ ನಡುಗುತ್ತಿತ್ತು. ಆದರೂ ಕುಡಿದಳು."