ಕುಂಟು ಆಡಿನ ಗಂಟೆ

"ಗುರುಗಳೇ, ಮನುಷ್ಯ ಹುಟ್ಟಿನಿಂದಲೇ ಮೈಗಳ್ಳನೆ?"

ಮಠದ ತೋಟ ನೋಡಿಕೊಳ್ಳುವ ಶಿಷ್ಯ ಮರುಳಯ್ಯ ನಿಂತುಕೊಂಡೇ ಕೇಳಿದ. ಕೂರುವ ವ್ಯವಧಾನ ಅವನಿಗಿರಲಿಲ್ಲ. ತೋಟದ ಆಳು ಬೈರನನ್ನು ಬಿಡಿಸಿ ಬೇರೊಬ್ಬನನ್ನು ಇಟ್ಟುಕೊಳ್ಳಲು ಅವನಿಗೆ ಗುರುಗಳ ಅಪ್ಪಣೆ ಬೇಕಿತ್ತು. ಹೊಸಬ ಆಗಲೇ ಬಂದು ಹೊರಗೆ ಕಾಯುತ್ತಿದ್ದ.

"ಬೈದು ನೋಡಿದೆ, ಬುದ್ಧಿ ಹೇಳಿ ನೋಡಿದೆ. ಬೆಳಗಿನಿಂದ ಸಂಜೆಯವರೆಗೆ ಎದುರಿಗೇ ನಿಂತರೂ ಬೈರನ ಗುದ್ದಲಿ ಮೇಲೇಳುವುದಿಲ್ಲ. ಅವನ ಸ್ವಭಾವವೇ ಅಷ್ಟು."

ಗುರುಗಳು ಕೂರುವಂತೆ ಕೈಸನ್ನೆ ಮಾಡಿದರು. ಮರುಳಯ್ಯ ಕೂತ, ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ದೇವಸ್ಥಾನಗಳಿಗೆ ಗಂಟೆ ಮಾಡಿಸಿ ಮಾರುವುದು ಅವನ ವ್ಯಾಪಾರ. ಅವನ ಕಾರ್ಖಾನೆಯಲ್ಲಿ ಒಬ್ಬ ಮೇಣದಲ್ಲಿ ಗಂಟೆಯ ಆಕಾರ ತಿದ್ದುತ್ತಿದ್ದ, ಇನ್ನೊಬ್ಬ ಅದರ ಮೇಲೆ ಮಣ್ಣು ಮೆತ್ತುತ್ತಿದ್ದ, ಒಬ್ಬ ಕಂಚುಗಾರ ಎರಕ ಹೊಯ್ಯುತ್ತಿದ್ದ. ಗಂಟೆಗೆ ನಾಲಿಗೆ ಕಟ್ಟುವುದು ದೂರದ ಪೇಟೆಯಲ್ಲಿ. ಹಾಗಾಗಿ ತಾನು ಹೊಯ್ದ ಗಂಟೆಯ ದನಿಯನ್ನು ಕಂಚುಗಾರ ಒಮ್ಮೆಯೂ ಕೇಳಿರಲಿಲ್ಲ. ಅವನು ತೂಕಡಿಸುತ್ತಿದ್ದ. ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದ. ವರ್ತಕ ಅವನ ಮೇಲೊಬ್ಬ ಮೇಸ್ತ್ರಿಯನ್ನು ಇಟ್ಟ. ಕಂಚುಗಾರನ ಕೈ ಇನ್ನಷ್ಟು ನಿಧಾನವಾಯಿತು.

ಅಮಾವಾಸ್ಯೆಯಂದು ಕೆಲಸಕ್ಕೆ ಬಿಡುವು. ಆ ದಿನ ವರ್ತಕ ಕಂಚುಗಾರನ ಮನೆಯ ಮುಂದೆ ಹಾದುಹೋದ. ಕಂಚುಗಾರ ಜಗುಲಿಯ ಮೇಲೆ ಕೂತು ಒಂದು ಪುಟ್ಟ ಗಂಟೆಗೆ ಅರ ಹಾಕುತ್ತಿದ್ದ. ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ, ಸಮಾಧಾನವಾಗದೆ ಮತ್ತೆ ಉಜ್ಜುತ್ತಿದ್ದ. ಪಕ್ಕದಲ್ಲಿಟ್ಟ ಮುದ್ದೆ ಆರಿ ಗಟ್ಟಿಯಾಗಿತ್ತು. ವರ್ತಕನಿಗೆ ಮೈಯೆಲ್ಲ ಉರಿಯಿತು.

"ನನ್ನ ಕಾರ್ಖಾನೆಯಲ್ಲಿ ಏಳದ ಕೈ ಇಲ್ಲಿ ಹೇಗೋ ಎದ್ದಿತು?"

"ಧಣಿ, ಇದು ಪಕ್ಕದ್ಮನೆ ಅಜ್ಜಿಯ ಆಡಿಗೆ, ನಮ್ಮನೆ ಒಡಕು ಕಂಚಿನ ಬಟ್ಟಲು ಕರಗಿಸಿ ಮಾಡಿದ್ದು. ಕುಂಟು ಆಡು, ಮಂದೆಯಿಂದ ಹಿಂದೆ ಬೀಳ್ತದೆ. ಅಜ್ಜಿಗೆ ಕಣ್ಣು ಮಂಜು. ಇದರ ಸದ್ದು ಬೇರೆಯಾಗೇ ಕೇಳಿಸ್ಬೇಕು."

ವರ್ತಕ ಬುದ್ಧಿವಂತ, ಆದರೆ ಲಾಭದಾಚೆಗೆ ಆ ಬುದ್ಧಿ ಓಡುತ್ತಿರಲಿಲ್ಲ. ಇವನಿಗೆ ಆಡಿನ ಗಂಟೆಯೆಂದರೆ ಹುಚ್ಚು ಎಂದುಕೊಂಡ. ಮರುದಿನದಿಂದಲೇ ಮಾರಾಟಕ್ಕೆ ಆಡಿನ ಗಂಟೆ ಹೊಯ್ಯುವ ಕೆಲಸವನ್ನು ಅವನಿಗೆ ಒಪ್ಪಿಸಿದ. ಎಲ್ಲಕ್ಕೂ ಒಂದೇ ಅಚ್ಚು, ಒಂದೇ ತೂಕ. ನಾಲಿಗೆ ಪೇಟೆಯಲ್ಲಿ, ಮೇಸ್ತ್ರಿ ಎದುರಿನಲ್ಲಿ. ಯಾವ ಆಡು, ಯಾರ ಆಡು ಎಂದು ಕೇಳಿದರೆ, ಅದು ನಿನಗೇಕೆ ಎಂಬ ಉತ್ತರ. ತಿಂಗಳು ತುಂಬುವುದರೊಳಗೆ ಕಂಚುಗಾರ ಮತ್ತೆ ತೂಕಡಿಸತೊಡಗಿದ. ಇವನ ಹುಟ್ಟೇ ಇಂಥದ್ದು ಎಂದು ವರ್ತಕ ಅವನನ್ನು ಹೊರಹಾಕಿದ. ಆ ಮಾತನ್ನು ಊರೆಲ್ಲ ನಂಬಿತು. ಬರಬರುತ್ತಾ ಕಂಚುಗಾರನೂ ನಂಬಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಎದ್ದು ನಿಂತ, ಮತ್ತೆ ಕೂತ. ವರ್ತಕನ ಮೇಲೆ ಅವನಿಗೆ ವಿಪರೀತ ಸಿಟ್ಟು ಬಂದಿತ್ತು. ಅದರ ಜೊತೆಗೆ ಏನೋ ಸಂಕಟ, ಯಾಕೆಂದು ತಿಳಿಯಲಿಲ್ಲ.

"ಆ ವರ್ತಕನಿಗೆ ಕಣ್ಣಿರಲಿಲ್ಲ, ಗುರುಗಳೇ. ಆದರೆ ನಮ್ಮ ಬೈರ ಆ ಕಂಚುಗಾರನಂಥವನಲ್ಲ. ಅವನನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ."

ಗುರುಗಳು ಕೇಳಿದರು: "ನೀನು ಕಾವಲು ನಿಲ್ಲದ ಕಡೆ ಅವನು ಹೇಗಿರುತ್ತಾನೆಂದು ಒಮ್ಮೆಯಾದರೂ ನೋಡಿದ್ದೀಯಾ?"