ಕಂಚಿನ ಬೋಗುಣಿಯೂ ಕೆಸರುಗಾಲಿನ ಇನ್ನಾಸಿಯೂ

ಅಂಥಾ ಬೋಗುಣಿಯನ್ನ, ತುಂಬಿದ ನೀರಿನ ಸಮೇತ, ಒಂದೇ ಕೈಲಿ ಎತ್ತಿದೋನು ಕಣೇ ತೆರೇಸ, ಈ ನಿಮ್ಮಜ್ಜ. ಇನ್ನೊಂದು ಕೈ ಮೀಸೆ ಮೇಲಿತ್ತು. ನಮ್ಮ ಚರ್ಚಿನ ಕಾಲು ತೊಳೆಯೋ ಬೋಗುಣಿ, ಅಪ್ಪಟ ಕಂಚು, ಎರಡು ಎಮ್ಮೆ ಒಳಗೆ ಮಲಗಿ ಮೆಲುಕು ಹಾಕಬಹುದು, ಅಷ್ಟಗಲ. ಯಾರು ನೋಡಿದ್ರು ಅಂತೀಯಾ? ಮುತ್ತು ಮೇಸ್ತ್ರಿ ನೋಡಿದ್ದ, ಭಾಗ್ಯನಾದಪ್ಪ ನೋಡಿದ್ದ, ಉಪದೇಶಿ ಸಂತಿಯಾಗಪ್ಪ ಅಂತೂ ತೆರೆದ ಬಾಯಿ ಮುಚ್ಚಲೇ ಇಲ್ಲ. ಮೂವರೂ ಈಗ ಕೆರೆಯಾಚೆ ಶಿಲುಬೆ ಕೆಳಗೆ ಮಲಗವ್ರೆ, ಬೇಕಾದ್ರೆ ಹೋಗಿ ಕೇಳ್ಕೊಂಡು ಬಾ.

ತೆರೇಸ ಕೇಳೋಕೆ ಹೋಗಲಿಲ್ಲ. ಹೊರಗೆ ಮಧ್ಯಾಹ್ನದ ಬಿಸಿಲು ಸುಡ್ತಿತ್ತು. ಅವಳಜ್ಜಿ ತಂಗಿ ಮಗಳ ಬಾಣಂತನಕ್ಕೆ ಹೋಗಿದ್ದಳು, ಹಾಗಾಗಿ ಕತೆ ಹೇಳಿ ಮಗೂನ ಮಲಗಿಸೋ ಕೆಲಸ ಚೌರಪ್ಪಜ್ಜನ ತಲೆಗೆ ಬಿದ್ದಿತ್ತು. ನಿಮ್ಮಜ್ಜಿ ಈ ಕತೇನ ಚಿಟಿಕೆಯಷ್ಟು ಹೇಳ್ತಾಳೆ, ನಾನು ಪೂರಾ ಹೇಳ್ತೀನಿ, ಆ ಧೂಳುಗಾಲನ್ನ ಚಾಪೆ ಮೇಲೆ ಇಡಬೇಡ, ಹೂಂಗುಟ್ಟು, ಅಂದ ಅಜ್ಜ. ತೆರೇಸ ಹೂಂ ಅಂದಳು.

ಒಂದಾನೊಂದು ಕಾಲದಲ್ಲಿ, ನಮ್ಮ ಚರ್ಚಿಗೆ ಇನ್ನೂ ಗಂಟೆಯೇ ಇಲ್ಲದ ಕಾಲದಲ್ಲಿ, ಈ ಪಾಳ್ಯಕ್ಕೆ ಒಬ್ಬ ಯಜಮಾನ ಇದ್ದನಂತೆ. ಅವನಿಗೆ ಮೂರು ಗಂಡುಮಕ್ಕಳು, ರಾಯಪ್ಪ, ಚಿನ್ನಪ್ಪ, ಕೊನೆಯೋನು ಇನ್ನಾಸಿ. ಈ ಇನ್ನಾಸಿ ನಮ್ಮಜ್ಜನ ಅಜ್ಜ, ನೆನಪಿರಲಿ. ಯಜಮಾನನಿಗೆ ಕಾಲಲ್ಲಿ ಮಾಯದ ಹುಣ್ಣು, ದಿನಾ ಬೆಳಿಗ್ಗೆ ಬೇವಿನಸೊಪ್ಪು ಕುದಿಸಿದ ನೀರಲ್ಲಿ ಆ ಕಾಲು ತೊಳೀತಿದ್ದೋನು ಇನ್ನಾಸಿಯಂತೆ. ಅಣ್ಣಂದಿರಿಗೆ ಆ ವಾಸನೆ ಆಗ್ತಿರಲಿಲ್ಲವಂತೆ.

ಈಸ್ಟರಿಗೆ ಮುಂಚಿನ ಗುರುವಾರ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ದಿನ ಅಂತ ಪಾದ್ರಿ ಸ್ವಾಮಿಗಳು ಹನ್ನೆರಡು ಜನರನ್ನ ಕೂರಿಸಿ ಕಾಲು ತೊಳೀತಾರಲ್ಲ, ಆಗಲೂ ಹಂಗೇ. ಮೊದಲನೇ ಕುರ್ಚಿ ಮಾತ್ರ ಯಜಮಾನಂದು. ಆ ವರ್ಷ ಮುದುಕನಿಗೆ ಎದ್ದು ನಿಲ್ಲೋಕೂ ಆಗದೆ, ಮೂವರಲ್ಲಿ ಯಾರನ್ನ ಕೂರಿಸಲಿ ಅಂತ ಸ್ವಾಮಿಗಳನ್ನ ಕೇಳಿದನಂತೆ. ಯಾರು ದೊಡ್ಡೋನೋ ಅವನು ಕೂರಲಿ, ಅಂದರಂತೆ ಅವರು. ಮುದುಕನೂ ಹಟಮಾರಿ. ಯಾರು ಕೂರ್ತಾನೋ ಅವನಿಗೇ ಯಜಮಾನಿಕೆ, ಅವನಿಗೇ ಚರ್ಚಿನ ಬೀಗದಕೈ, ಅವನಿಗೇ ಈ ಮನೆ, ಮಿಕ್ಕಿಬ್ಬರು ಬೇರೆ ಸೂರು ನೋಡ್ಕೊಳ್ಳಿ ಅಂದುಬಿಟ್ಟನಂತೆ.

ಇನ್ನಾಸಿಗೆ ಕೈಕಾಲು ಆಡಲಿಲ್ಲ. ಮನೆ ಬಿಟ್ಟು ಹೋದ್ರೆ ಅಪ್ಪನ ಕಾಲು ತೊಳೆಯೋರು ಯಾರು? ಉಳೀಬೇಕು ಅಂದ್ರೆ ದೊಡ್ಡೋನಾಗಬೇಕು, ದೊಡ್ಡೋನಾಗೋದು ಅಂದ್ರೆ ಏನು ಅಂತಲೇ ಅವನಿಗೆ ಗೊತ್ತಿಲ್ಲ. ರಾಯಪ್ಪನನ್ನ ಕೇಳಿದ. ನಾನು ಕೂಗಿದ್ರೆ ಮೂರು ಊರಿನ ನಾಯಿ ಬಾಲ ಮುದುರುತ್ತೆ, ಅದು ದೊಡ್ಡಸ್ತಿಕೆ ಕಣೋ, ಅಂದನಂತೆ. ಆಮೇಲೆ ಚಿನ್ನಪ್ಪನನ್ನ ಕೇಳಿದ. ನಾನು ಜಪಮಾಲೆ ಪೂರ್ತಿ ಒಂದೇ ಉಸಿರಲ್ಲಿ ಹೇಳ್ತೀನಿ, ದೇವದೂತರೇ ದಾರಿ ಬಿಡ್ತಾರೆ, ಅಂದನಂತೆ. ಆಮೇಲೆ ಬಾವಿ ಹತ್ರ ಜ್ಞಾನಮ್ಮಜ್ಜಿಯನ್ನ ಕೇಳಿದ. ಅದೆಲ್ಲ ನಂಗೊತ್ತಿಲ್ಲ ಮಗಾ, ಮೊದಲು ಈ ಕೊಡ ಎತ್ತು, ಅಂದಳಂತೆ. ಇನ್ನಾಸಿ ಕೊಡ ಹೊತ್ತು ಅವಳ ಮನೆಗೆ ಇಳಿಸಿ, ಹೋದಾಗ ಇದ್ದಷ್ಟೇ ಗೊಂದಲದಲ್ಲಿ ವಾಪಸ್ಸು ಬಂದನಂತೆ.

ಗುರುವಾರ ಬಂತು. ಸ್ವಾಮಿಗಳು ತೊಳೆಯೋ ಕಾಲು ಕೊಳಕಾಗಿರಬಾರದು ಅಂತ ನಮ್ಮೋರೆಲ್ಲ ಮನೇಲೇ ತೊಳ್ಕೊಂಡು ಹೋಗ್ತಾರಲ್ಲ, ರಾಯಪ್ಪ ಮೂರು ದಿನ ಮೊದಲೇ ಶುರು ಮಾಡಿದ್ದನಂತೆ. ಇಟ್ಟಿಗೆಚೂರಲ್ಲಿ ಉಜ್ಜಿ ಉಜ್ಜಿ, ಕೊಬ್ಬರಿಎಣ್ಣೆ ಹಚ್ಚಿ, ಕಾಗೆ ಬಂದು ಅವನ ಹಿಮ್ಮಡಿಯಲ್ಲಿ ಮುಖ ನೋಡ್ಕೊಂಡು ಕೊಕ್ಕು ತೀಡಿತಂತೆ. ಚಿನ್ನಪ್ಪ ಹಾಲಲ್ಲಿ ಕಾಲು ನೆನೆಸಿ, ನೆಲ ತಾಗಬಾರದು ಅಂತ ನಾಲ್ಕು ಆಳುಗಳ ಹೆಗಲ ಮೇಲೆ ಚರ್ಚಿಗೆ ಬಂದನಂತೆ, ಹಿಂದೆ ಹನ್ನೆರಡು ಬೆಕ್ಕು.

ಇನ್ನಾಸಿ ಕಾಲು ತೊಳ್ಕೊಳ್ಳೋಕೆ ಬಗ್ಗಿದ್ದ, ಅಷ್ಟರಲ್ಲಿ ಅಪ್ಪ, ನನ್ನನ್ನೂ ಕರ್ಕೊಂಡೋಗೋ, ಅಂದನಂತೆ. ಸರಿ, ಅಪ್ಪನನ್ನ ಬೆನ್ನ ಮೇಲೆ ಕೂರಿಸ್ಕೊಂಡು ಕೆರೆ ಕೋಡಿ ಕೆಸರಲ್ಲಿ ಪಚಪಚ ಅಂತ ತುಳ್ಕೊಂಡು ಬಂದ. ಮೊಣಕಾಲವರೆಗೂ ಕೆಸರು.

ಸ್ವಾಮಿಗಳು ರಾಯಪ್ಪನ ಕಾಲು ನೋಡಿದರಂತೆ, ಇಲ್ಲಿ ನಂಗೇನೂ ಕೆಲಸ ಇಲ್ಲ, ಏಳಪ್ಪಾ, ಅಂದರಂತೆ. ಚಿನ್ನಪ್ಪನ ಕಾಲು ನೋಡಿದರಂತೆ, ಏಳಪ್ಪಾ ನೀನೂ, ಅಂದರಂತೆ. ಆಮೇಲೆ ಇನ್ನಾಸಿಯನ್ನ ಕೂರಿಸಿದರೆ ಅವನು ನಾಚಿ ಕಾಲನ್ನ ಕುರ್ಚಿ ಕೆಳಗೆ ಬಚ್ಚಿಟ್ಟ. ಸ್ವಾಮಿಗಳು ಬಗ್ಗಿದರು, ಆಗ ಇನ್ನಾಸಿ ಕಣ್ಣಿಗೆ ಅವರ ಕಾಲು ಬಿತ್ತು. ಬರಿಗಾಲಲ್ಲಿ ಐದು ಮೈಲಿ ನಡೆದು ಬಂದ ಮುದಿಗಾಲು, ಹಿಮ್ಮಡಿ ಒಡೆದು ರಕ್ತ ಜಿನುಗ್ತಿತ್ತು. ಅಯ್ಯೋ ಸ್ವಾಮೀ ಅಂತ ಎದ್ದೋನೇ, ಅವರನ್ನ ತನ್ನ ಕುರ್ಚಿ ಮೇಲೆ ಕೂರಿಸಿ, ನಾಲ್ಕಾಳು ಹೊರೋ ಆ ಕಂಚಿನ ಬೋಗುಣಿಯನ್ನ ಭಾರ ಅನ್ನೋದೇ ಮರೆತು ಬರ್ರಂತ ಎಳೆದು, ಅಪ್ಪನ ಹುಣ್ಣು ತೊಳೆದ ಹಾಗೇ ಮೆತ್ತಗೆ ತೊಳೆಯೋಕೆ ಕೂತನಂತೆ. ಹಾಡೋರ ಹಾಡು ನಿಂತುಹೋಯ್ತು. ಯಾರು ಸ್ವಾಮಿ, ಯಾರು ಯಜಮಾನ, ಯಾರು ಕೂರಬೇಕು, ಯಾರು ಬಗ್ಗಬೇಕು, ಒಬ್ಬರಿಗೂ ತಿಳೀಲಿಲ್ಲ. ಇನ್ನಾಸಿಗಂತೂ ಪೂಜೆ ಕೆಡಿಸಿಬಿಟ್ಟೆ, ಮನೆ ಹೋಯ್ತು, ಅಪ್ಪನೂ ದೂರ ಆದ ಅಂತ ಕಣ್ಣಲ್ಲಿ ನೀರು.

ಸ್ವಾಮಿಗಳು ಅವನ ಒದ್ದೆ ಕೈಗೆ ಬೀಗದಕೈ ಇಟ್ಟು, ಇವನೇ ದೊಡ್ಡೋನು, ಅಂದರಂತೆ.

ಸುಮ್ನಿರ್ತಾರಾ ಅಣ್ಣಂದಿರು? ಓಹೋ, ತೊಳೆಯೋನು ದೊಡ್ಡೋನೋ, ಹಂಗಾದ್ರೆ ನಾನು ತೊಳೀತೀನಿ ಅಂತ ರಾಯಪ್ಪ, ಇಲ್ಲ ನಾನು ಅಂತ ಚಿನ್ನಪ್ಪ, ಬೋಗುಣಿ ಹೊತ್ಕೊಂಡು ಸಿಕ್ಕಿದೋರನ್ನ ಊರೆಲ್ಲಾ ಓಡಿಸಿ ಓಡಿಸಿ ಕಾಲು ತೊಳೆದರಂತೆ. ಎಡಗಾಲು ಒಬ್ಬ, ಬಲಗಾಲು ಒಬ್ಬ. ಮೂರು ದಿನ ಜನ ಇವರಿಗೆ ಹೆದರಿ ಹುಣಸೆಮರದ ಮೇಲೆ ಕೂತು ಮುದ್ದೆ ಉಂಡರಂತೆ. ನಿನಗಿಂತ ನಾನು ತಗ್ಗಿದೋನು ಅಂತ ಅವನು, ಇಲ್ಲ ನಾನೇ ತಗ್ಗಿದೋನು ಅಂತ ಇವನು, ಇಬ್ಬರೂ ಬೋಗುಣಿ ಎಳೆದಾಡಿ ಅದು ಇಬ್ಭಾಗ ಆಯ್ತಂತೆ. ಆಮೇಲೆ ಸ್ವಾಮಿಗಳು ಆ ಕಂಚು ಕರಗಿಸಿ ಗಂಟೆ ಎರಕ ಹೊಯ್ಯಿಸಿದರಂತೆ. ಈಗ ನಮ್ಮ ಚರ್ಚಲ್ಲಿ ಬಾರಿಸ್ತಾರಲ್ಲ, ಅದೇ. ಅವತ್ತಿಂದ ಇಲ್ಲಿ ಮಣ್ಣಿನ ಮಡಕೇಲೇ ಕಾಲು ತೊಳೆಯೋದು.

ಇನ್ನಾಸಿ ಮಾತ್ರ ಸ್ವಾಮಿಗಳ ಹಿಂದೆ ಹಿಂದೆ ಹೋಗಿ, ಯಜಮಾನ ಆದ್ರೆ ಏನು ಮಾಡಬೇಕು ಸ್ವಾಮಿ, ಅಂದನಂತೆ. ಇವತ್ತು ಬೆಳಿಗ್ಗೆ ಏನು ಮಾಡಿದೆ, ಅಂತ ಕೇಳಿದರಂತೆ ಅವರು. ಅಪ್ಪನ ಕಾಲು ತೊಳೆದೆ, ಅಂದನಂತೆ ಇವನು. ನಾಳೆ? ಅದೇ. ಅಷ್ಟೇ ಕಣಪ್ಪಾ ಯಜಮಾನಿಕೆ. ಸರಿ ಸ್ವಾಮಿ, ಅದು ಮುಗಿದ ಮೇಲೆ ಯಜಮಾನಿಕೆ ಯಾವಾಗ ಶುರು ಮಾಡ್ಲಿ, ಅಂದನಂತೆ. ಸಾಯೋವರೆಗೂ ಅವನಿಗೆ ಅದು ತಿಳೀಲೇ ಇಲ್ಲವಂತೆ. ಅಪ್ಪನ ಹುಣ್ಣು ಮಾಯ್ತು, ಅಣ್ಣಂದಿರನ್ನೂ ಇನ್ನಾಸಿ ಮನೆ ಬಿಡಿಸಲಿಲ್ಲ, ಎಲ್ಲರೂ ಒಂದೇ ಒಲೇಲಿ ಬೇಯಿಸ್ಕೊಂಡು ಉಂಡು ಸುಖವಾಗಿದ್ದರಂತೆ. ಅವರು ಅಲ್ಲಿ, ನಾವು ಇಲ್ಲಿ.

ಹೂಂ ಬರಲಿಲ್ಲ. ನಿದ್ದೆ ಬಂತೇನೋ ಅಂತ ಅಜ್ಜ ಬಗ್ಗಿ ನೋಡಿದರೆ ತೆರೇಸನ ಎರಡು ಕಣ್ಣೂ ಪೂರ್ತಿ ತೆರೆದಿದ್ದವು.

ಅಜ್ಜಾ, ಇನ್ನಾಸಿ ನಿಮ್ಮಜ್ಜನ ಅಜ್ಜ ತಾನೇ?

ಹೌದು.

ಬೋಗುಣಿ ಆಗಲೇ ಗಂಟೆ ಆಗೋಯ್ತಲ್ಲ, ಮತ್ತೆ ನೀನು ಒಂದೇ ಕೈಲಿ ಎತ್ತಿದ್ದು ಏನನ್ನ?

ಚೌರಪ್ಪಜ್ಜ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ, ಚಾಪೆಯಿಂದ ಆಚೆ ಇಳಿಬಿಟ್ಟಿದ್ದ ಅವಳ ಕಾಲನ್ನ ತೊಡೆ ಮೇಲೆ ಇಟ್ಕೊಂಡು ಧೂಳು ಒರೆಸೋಕೆ ಶುರು ಮಾಡಿದ.

ಕತೆ ಆಗಲೇ ಮುಗೀತಲ್ಲೇ, ಇನ್ನೇನು ಕೇಳ್ತೀಯ. ಇನ್ನೊಂದು ಕಾಲು ಕೊಡು.